ಕುದ್ರು–ಕುರ್ವೆಯ ಮನೆಗಳಿಗೆ ನೆರೆ ಸಿದ್ಧತೆ: ಹೊಸ್ತಿಲಿನಿಂದ ಅಳೆಯುವ ಸಮಗ್ರ ಮಾರ್ಗದರ್ಶಿ

ಕುಂದಾಪುರ, ಉಡುಪಿ ಕಡೆ ಕುದ್ರು. ಹೊನ್ನಾವರ, ಕುಮಟಾ ಕಡೆ ಕುರ್ವೆ. ನೇತ್ರಾವತಿಯ ದಡಕ್ಕೆ ಬಂದರೆ ಉಳಿಯ. ಹೆಸರು ಬೇರೆಯಾದರೂ ನೆಲದ ಗುಣ ಒಂದೇ: ಹೊಳೆ ಕಡಲನ್ನು ಸೇರುವ ಅಳಿವೆಯಲ್ಲಿ ಹೂಳು, ಮರಳು ಕೂಡಿಕೊಂಡು ಎದ್ದ ತಗ್ಗು ದ್ವೀಪ. ಉಪ್ಪಿನಕುದ್ರು, ಮಾವಿನಕುರ್ವೆ, ಐಗಳಕುರ್ವೆ, ಪಾವೂರು ಉಳಿಯದಂಥ ಊರುಗಳಲ್ಲಿ ಒಂದು ಕಡೆಯಿಂದ ಘಟ್ಟದ ನೀರು ಬರುತ್ತದೆ, ಇನ್ನೊಂದು ಕಡೆಯಿಂದ ಕಡಲು ನೂಕುತ್ತದೆ. ಮನೆ ನಡುವೆ ಇರುತ್ತದೆ.

ಇಲ್ಲಿ ನೆರೆಗೆ ಗಡಿಯಾರವಿದೆ. ಬಯಲುಸೀಮೆಯ ಹೊಳೆ ಯಾವಾಗ ಬೇಕಾದರೂ ಉಕ್ಕೀತು. ಅಳಿವೆಯ ಒಳಗಿನ ದ್ವೀಪಕ್ಕೆ ಮಾತ್ರ ಅತಿ ಎತ್ತರದ ನೀರು ಹೆಚ್ಚಾಗಿ ಉಬ್ಬರದ ತುದಿಯ ಹೊತ್ತಿಗೇ ಬರುತ್ತದೆ, ಆ ಹೊತ್ತು ಯಾವುದೆಂದು ವಾರ ಮೊದಲೇ ತಿಳಿಯುತ್ತದೆ. ತಿಳಿಯದೆ ಉಳಿಯುವುದು ಒಂದೇ: ಆ ನೀರಿಗೂ ನಿಮ್ಮ ಹೊಸ್ತಿಲಿಗೂ ನಡುವೆ ಎಷ್ಟು ಅಂತರವಿದೆ ಎನ್ನುವುದು. ಆದ್ದರಿಂದ ಈ ಮಾರ್ಗದರ್ಶಿ ಎಲ್ಲವನ್ನೂ ಹೊಸ್ತಿಲಿನಿಂದಲೇ ಅಳೆಯುತ್ತದೆ.

ಮೊದಲು, ಬರುವ ನೀರು ಯಾವುದು

ಹುಣ್ಣಿಮೆ, ಅಮಾವಾಸ್ಯೆಯ ದೊಡ್ಡ ಉಬ್ಬರ ಎಲ್ಲರಿಗೂ ಗೊತ್ತಿರುವುದೇ. ಆದರೆ ಅತಿ ದೊಡ್ಡ ಉಬ್ಬರ ಬರುವುದು ಸಾಮಾನ್ಯವಾಗಿ ಆ ದಿನವಲ್ಲ, ಒಂದೆರಡು ದಿನ ಕಳೆದು. ಹುಣ್ಣಿಮೆ ದಾಟಿತು ಎಂದು ಅಟ್ಟಕ್ಕೇರಿಸಿದ ಅಕ್ಕಿಮೂಟೆ ಕೆಳಗಿಳಿಸುವವರು ಮೋಸಹೋಗುವುದು ಇಲ್ಲೇ. ದಿನಕ್ಕೆ ಎರಡು ಸಲ, ಸುಮಾರು 12 ಗಂಟೆ 25 ನಿಮಿಷದ ಅಂತರದಲ್ಲಿ ನೀರು ಏರುತ್ತದೆ. ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತದೆ. ನಮ್ಮ ಕರಾವಳಿಯಲ್ಲಿ ದೊಡ್ಡ ಉಬ್ಬರದ ದಿನಗಳಲ್ಲಿ ತುದಿ ಮಧ್ಯಾಹ್ನದ ಆಸುಪಾಸು ಒಮ್ಮೆ, ನಡುರಾತ್ರಿಯ ಆಸುಪಾಸು ಇನ್ನೊಮ್ಮೆ ಬರುತ್ತದೆ. ಎರಡರಲ್ಲಿ ಒಂದು ಊರೆಲ್ಲ ಮಲಗಿರುವಾಗ ಬರುತ್ತದೆ ಎಂಬುದನ್ನು ಲೆಕ್ಕದಲ್ಲಿಡಿ.

ಎರಡನೆಯದು ಘಟ್ಟದ ನೀರು. ನಮ್ಮ ಹೊಳೆಗಳು ಗಿಡ್ಡ, ಕಡಿದಾದ ಇಳಿಜಾರಿನವು. ಅಘನಾಶಿನಿಯ ಒಟ್ಟು ಉದ್ದವೇ ಸುಮಾರು 120 ಕಿ.ಮೀ., ಅದಕ್ಕೆ ದೊಡ್ಡ ಅಣೆಕಟ್ಟೂ ಇಲ್ಲ. ಶಿರಸಿ, ಸಿದ್ದಾಪುರದ ಮಳೆ ತಡೆಯಿಲ್ಲದೆ ಕೆಳಗಿಳಿಯುತ್ತದೆ. ಶರಾವತಿ, ಕಾಳಿಯಲ್ಲಿ ಲೆಕ್ಕ ಬೇರೆ. ಲಿಂಗನಮಕ್ಕಿ ಜಲಾಶಯ ತುಂಬುವ ಮಟ್ಟವಾದ 1,819 ಅಡಿಯ ಹತ್ತಿರ ಬಂದಾಗ, ಕದ್ರಾ ತುಂಬಿದಾಗ ಗೇಟು ತೆರೆಯುತ್ತಾರೆ, ಅದಕ್ಕೆ ಮುನ್ಸೂಚನೆಯೂ ಇರುತ್ತದೆ.

ಮೂರನೆಯದು ಕಡಲಿನ ಏರಿಕೆ. ಗಾಳಿಯ ಒತ್ತಡ ಒಂದು ಮಿಲಿಬಾರ್ ಕುಸಿದರೆ ಸಮುದ್ರದ ಮಟ್ಟ ಸುಮಾರು ಒಂದು ಸೆಂ.ಮೀ. ಏರುತ್ತದೆ. ಅದರ ಮೇಲೆ ಪಡುಗಾಳಿ ನೀರನ್ನು ಅಳಿವೆಯೊಳಕ್ಕೆ ನೂಕುತ್ತದೆ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಕರ್ನಾಟಕದ ನೆಲ ಮುಟ್ಟದೆ ಕಡಲಲ್ಲೇ ಬಡಗಣಕ್ಕೆ ಹೋಯಿತು, ಆದರೂ ಉಳ್ಳಾಲದಿಂದ ಮೇಲಕ್ಕೆ ದಂಡೆ ಕೊರೆದುಹಾಕಿತು. ಇನ್ನೊಂದು ಬಗೆ ಇದಕ್ಕಿಂತ ಮೋಸದ್ದು. ಆಕಾಶ ತಿಳಿಯಾಗಿರುತ್ತದೆ, ಗಾಳಿಯೂ ಇರುವುದಿಲ್ಲ, ಆದರೂ ಕಡಲು ದಂಡೆಯೇರಿ ಬರುತ್ತದೆ. ಸಾವಿರಾರು ಕಿ.ಮೀ. ದೂರದ ದಕ್ಷಿಣ ಸಾಗರದಲ್ಲಿ ಎದ್ದ ಉದ್ದನೆಯ ಅಲೆಗಳು ದಿನಗಟ್ಟಲೆ ಸಾಗಿ ಇಲ್ಲಿಗೆ ಮುಟ್ಟಿದಾಗ ಹೀಗಾಗುತ್ತದೆ. ಕೇರಳದವರು ಇದನ್ನು ಕಳ್ಳಕ್ಕಡಲ್ ಎನ್ನುತ್ತಾರೆ, ಮುನ್ನೆಚ್ಚರಿಕೆಗಳಲ್ಲೂ ಅದೇ ಹೆಸರು ಬಳಕೆಯಲ್ಲಿದೆ. ಮಳೆಗಾಲಕ್ಕೆ ಮೊದಲು, ಏಪ್ರಿಲ್–ಮೇ ತಿಂಗಳಲ್ಲಿ ಇದರ ಮೇಲೆ ಹೆಚ್ಚು ಕಣ್ಣಿಡಬೇಕು.

ಇವೆಲ್ಲದರ ಅಡಿಯಲ್ಲಿ ಕಡಲೇ ಮೆಲ್ಲಗೆ ಮೇಲೇಳುತ್ತಿದೆ. 2006ರಿಂದ 2018ರವರೆಗೆ ಪ್ರಪಂಚದ ಸರಾಸರಿ ವರ್ಷಕ್ಕೆ 3.7 ಮಿ.ಮೀ. ಹತ್ತು ವರ್ಷಕ್ಕೆ ನಾಲ್ಕು ಸೆಂ.ಮೀ.ಗಿಂತ ತುಸು ಕಡಿಮೆ ಎಂದರೆ ಸಣ್ಣದಾಗಿ ಕೇಳಿಸುತ್ತದೆ. ಆದರೆ ದಂಡೆ ಉಕ್ಕುವುದೂ ಉಕ್ಕದೇ ಇರುವುದೂ ತೀರ್ಮಾನವಾಗುವುದು ಅಷ್ಟೇ ಸೆಂ.ಮೀ.ಗಳಲ್ಲಿ. ಅಜ್ಜನ ಕಾಲದಲ್ಲಿ ಇಲ್ಲಿಗೆ ನೀರು ಬಂದಿರಲಿಲ್ಲ ಎಂಬ ಮಾತನ್ನು ಅಳತೆಯಾಗಿ ಹಿಡಿಯಬೇಡಿ.

ಹೊಸ್ತಿಲೇ ಸೊನ್ನೆ: ಅಳತೆಗೋಲು ನೆಡುವುದು

ಕೆಲಸ ಒಂದು ದಿನದ್ದು, ಮಾರ್ಚ್–ಏಪ್ರಿಲ್‌ನಲ್ಲಿ ಮುಗಿಸಿ. ಬೇಕಾಗುವುದು: ಮೂರು ಮೀಟರ್‌ನ ಗಟ್ಟಿ ಮರದ ಕಂಬ ಅಥವಾ 4 ಇಂಚಿನ ಪಿವಿಸಿ ಪೈಪು, ಎರಡು ಬಣ್ಣದ ಪೇಂಟು, ಗಾರೆಯವರು ಬಳಸುವ ಪಾರದರ್ಶಕ ಲೆವೆಲ್ ಪೈಪ್ 20–30 ಮೀಟರ್, ಟೇಪು, ಇಬ್ಬರು ಜನ.

1. ದೋಣಿ ಹತ್ತುವ ಕಡವಿನಲ್ಲಿ, ದೋಣಿ ತಾಗದ, ಅಲೆ ನೇರ ಹೊಡೆಯದ ಜಾಗ ಹುಡುಕಿ. ಇಳಿತದಲ್ಲೂ ಬುಡ ನೀರಲ್ಲಿದ್ದರೆ ಒಳ್ಳೆಯದು. ಕಂಬವನ್ನು 80 ಸೆಂ.ಮೀ. ಆದರೂ ಕೆಸರಿನೊಳಗೆ ಇಳಿಸಿ, ಸುತ್ತ ಕಲ್ಲು ತುಂಬಿ. ಸೇತುವೆಯ ಕಂಬ ಅಥವಾ ಕಲ್ಲಿನ ಧಕ್ಕೆ ಇದ್ದರೆ ಅದರ ಮೇಲೇ ಗುರುತು ಹಾಕಬಹುದು. ಅದು ಕುಸಿಯುವುದಿಲ್ಲ.

2. ಲೆವೆಲ್ ಪೈಪಿಗೆ ನೀರು ತುಂಬಿ. ಇಲ್ಲಿ ಅವಸರ ಮಾಡಬೇಡಿ. ಪೈಪಿನೊಳಗೆ ಒಂದು ಕಡಲೆಬೀಜದಷ್ಟು ಗಾಳಿಗುಳ್ಳೆ ಉಳಿದರೂ ಎರಡು ತುದಿಯ ನೀರು ಒಂದೇ ಮಟ್ಟಕ್ಕೆ ನಿಲ್ಲುವುದಿಲ್ಲ. ಪೈಪನ್ನು ಬೆರಳಿನಿಂದ ತಟ್ಟುತ್ತಾ ಗುಳ್ಳೆ ಹೊರಗೆ ಬಿಡಿ. ಎರಡೂ ತುದಿ ಒಟ್ಟಿಗೆ ಹಿಡಿದು ನೀರು ಸಮ ನಿಂತದ್ದನ್ನು ಕಂಡ ಮೇಲೆಯೇ ಅಳೆಯಲು ಹೊರಡಿ.

3. ಒಂದು ತುದಿ ಹೊಸ್ತಿಲಲ್ಲಿ, ಇನ್ನೊಂದು ಕಂಬದಲ್ಲಿ. ಪೈಪು ತಲುಪದಿದ್ದರೆ ನಡುವೆ ತೆಂಗಿನ ಮರಗಳಿಗೆ ಮಟ್ಟ ವರ್ಗಾಯಿಸುತ್ತಾ ಹೋಗಿ. ಹೊಸ್ತಿಲಿನ ಮಟ್ಟ ಕಂಬದಲ್ಲಿ ಎಲ್ಲಿ ಬರುತ್ತದೋ ಅಲ್ಲಿ ದಪ್ಪ ಗೆರೆ ಎಳೆದು ಸೊನ್ನೆ ಬರೆಯಿರಿ. ಕೆಳಕ್ಕೆ ಪ್ರತಿ 5 ಸೆಂ.ಮೀ.ಗೆ ಗೆರೆ, 10ಕ್ಕೆ ಅಂಕಿ. ರಾತ್ರಿ ಟಾರ್ಚಿಗೆ ಕಾಣುವಂತಿರಲಿ.

4. ಅದೇ ಪೈಪಿನಿಂದ ಬಾವಿಕಟ್ಟೆ, ಕೊಟ್ಟಿಗೆ, ಶೌಚಾಲಯದ ಕಮೋಡು, ಪಂಪಿನ ಸ್ಟಾರ್ಟರ್, ದಾರಿಯ ಅತಿ ತಗ್ಗಿನ ಜಾಗ, ಎಲ್ಲದರ ಮಟ್ಟವನ್ನೂ ಹೊಸ್ತಿಲಿಗೆ ಹೋಲಿಸಿ ಒಂದು ಹಾಳೆಯಲ್ಲಿ ಬರೆದು ಬಾಗಿಲ ಹಿಂದೆ ಅಂಟಿಸಿ. 'ದಾರಿ –55, ಬಾವಿಕಟ್ಟೆ –10, ಕಮೋಡು +5' ಎಂಬಂತೆ. ಮನೆ ಮುಳುಗುವುದಕ್ಕಿಂತ ಬಹಳ ಮೊದಲೇ ದಾರಿ ಮುಳುಗುತ್ತದೆ ಎಂಬುದು ಈ ಹಾಳೆ ನೋಡಿದಾಗಲೇ ಮನದಟ್ಟಾಗುವುದು.

ಈಗ ಉಬ್ಬರದ ಪಟ್ಟಿಗೆ ಜೋಡಿಸಬೇಕು. ಮಂಗಳೂರು ಅಥವಾ ಕಾರವಾರದ ಉಬ್ಬರ–ಇಳಿತದ ಪಟ್ಟಿ ಅಂತರ್ಜಾಲದಲ್ಲಿ ಸಿಗುತ್ತದೆ. ಅದರಲ್ಲಿ ಬರೆದಿರುವ '2.0 ಮೀ.' ನಿಮ್ಮ ನೆಲದಿಂದ ಅಳೆದದ್ದಲ್ಲ, ನೌಕೆಯವರ ನಕ್ಷೆಯ ಸೊನ್ನೆಯಿಂದ ಅಳೆದದ್ದು. ಮಳೆ, ಗಾಳಿ ಇಲ್ಲದ ಬೇಸಿಗೆಯಲ್ಲಿ ಆರೆಂಟು ಹುಣ್ಣಿಮೆ–ಅಮಾವಾಸ್ಯೆಯ ಉಬ್ಬರ ನಿಮ್ಮ ಕೋಲಿನಲ್ಲಿ ಎಲ್ಲಿಗೆ, ಎಷ್ಟು ಗಂಟೆಗೆ ಬಂತು ಎಂದು ಬರೆದಿಡಿ. ಪಟ್ಟಿಯ 2.0 ನಿಮ್ಮ ಕೋಲಿನಲ್ಲಿ –95ಕ್ಕೆ ಬಂದರೆ 2.2 ಬರುವ ದಿನ –75 ಎಂದು ತಿಳಿಯಬಹುದು. ಹೊತ್ತೂ ಬೇರೆಯಾಗುತ್ತದೆ. ಅಳಿವೆಯಿಂದ ಒಳಕ್ಕೆ ಹೋದಷ್ಟೂ ತುದಿ ತಡವಾಗಿ ಬರುತ್ತದೆ. ಎಷ್ಟು ತಡ ಎಂಬುದು ಪ್ರತಿ ಕುದ್ರುವಿಗೂ ಬೇರೆ, ಅದನ್ನು ನಿಮ್ಮ ಕೋಲೇ ಹೇಳಬೇಕು.

ಮುಂದಿನದು ಕೂಡುವ ಲೆಕ್ಕ. ಪಟ್ಟಿಯ ಪ್ರಕಾರ –75. ಒತ್ತಡ ಮಾಮೂಲಿಗಿಂತ 10 ಮಿಲಿಬಾರ್ ಕಡಿಮೆ ಇದ್ದರೆ 10 ಸೆಂ.ಮೀ. ಸೇರಿಸಿ, –65. ಹೊಳೆ ತುಂಬಿ ಇಳಿತದ ನೀರೇ ಎಂದಿಗಿಂತ 50 ಸೆಂ.ಮೀ. ಮೇಲಿದ್ದರೆ –15 ಎಂದು ಹಿಡಿಯಿರಿ. ಉಬ್ಬರದ ತುದಿಯಲ್ಲಿ ಹೊಳೆಯ ಏರಿಕೆ ಪೂರ್ತಿ ಅಷ್ಟೇ ಕಾಣದಿದ್ದರೂ ತಪ್ಪುವುದಾದರೆ ಈ ಕಡೆಗೇ ತಪ್ಪುವುದು ಕ್ಷೇಮ. ಗಾಳಿ, ಅಲೆಯನ್ನು ಇನ್ನೂ ಸೇರಿಸಿಲ್ಲ. ದಾರಿ –55ಕ್ಕೇ ಮುಳುಗಿಯಾಗಿದೆ.

ಇಲ್ಲೊಂದು ಗುರುತನ್ನು ಬಿಡಿಸಿ ಹೇಳಬೇಕು, ಏಕೆಂದರೆ ಇದಕ್ಕಿಂತ ನಂಬಿಕೆಯ ಸೂಚನೆ ದ್ವೀಪದವರಿಗೆ ಇನ್ನೊಂದಿಲ್ಲ. ಜನ ಉಬ್ಬರವನ್ನು ನೋಡುತ್ತಾರೆ. ನೋಡಬೇಕಾದದ್ದು ಇಳಿತವನ್ನು. ಮಳೆಗಾಲದಲ್ಲಿ ಬೆಳಗಿನ ಇಳಿತದ ಹೊತ್ತಿಗೆ ಕೋಲಿನ ನೀರು ಎಂದಿನ ಇಳಿತದ ಗೆರೆಗಿಂತ 30 ಸೆಂ.ಮೀ. ಮೇಲೇ ನಿಂತಿದ್ದರೆ ಹೊಳೆಯ ನೀರು ಕಡಲಿಗೆ ಖಾಲಿಯಾಗುತ್ತಿಲ್ಲ ಎಂದರ್ಥ. ಮುಂದಿನ ಉಬ್ಬರ ಏರತೊಡಗುವುದೇ ಆ ಎತ್ತರದಿಂದ. ಕೈಯಲ್ಲಿ ಇನ್ನೂ ಐದಾರು ಗಂಟೆ ಇರುವಾಗಲೇ ಇದು ತಿಳಿಯುತ್ತದೆ.

ಏರುವ ವೇಗವೂ ಒಂದೇ ಸಮನಲ್ಲ. ಆರು ಗಂಟೆಯಲ್ಲಿ ಒಟ್ಟು 180 ಸೆಂ.ಮೀ. ಏರುವ ದಿನ ಮೊದಲ ಗಂಟೆಗೆ ಸುಮಾರು 15, ಎರಡನೆಯದಕ್ಕೆ 30, ಮೂರು ಮತ್ತು ನಾಲ್ಕನೆಯದಕ್ಕೆ 45–45, ಆಮೇಲೆ 30, ಕೊನೆಗೆ 15. ಎರಡು ಗಂಟೆ ಕಳೆದರೂ ನೀರು ಅಷ್ಟೇನೂ ಬಂದಿಲ್ಲ ಎಂದು ಸಾಮಾನು ಕಟ್ಟದೆ ಕೂತವರಿಗೆ ಮುಂದಿನ ಎರಡು ಗಂಟೆಯಲ್ಲಿ 90 ಸೆಂ.ಮೀ. ಬರುತ್ತದೆ.

ಹೊರಡುವ ತೀರ್ಮಾನ

ಪ್ರತಿದಿನ ಬೆಳಿಗ್ಗೆ ಮೂರು ಪ್ರಶ್ನೆ ಸಾಕು. ಇಂದು ಹುಣ್ಣಿಮೆ–ಅಮಾವಾಸ್ಯೆಯೋ, ಅಥವಾ ಅದು ಕಳೆದು ಮೂರು ದಿನದೊಳಗೋ? ನಿಮ್ಮ ಹೊಳೆಯ ತಲೆಯಲ್ಲಿ, ಎಂದರೆ ಶಿರಸಿ–ಸಿದ್ದಾಪುರ, ಹೊಸನಗರ–ಸಾಗರ, ಆಗುಂಬೆ ಅಥವಾ ಚಾರ್ಮಾಡಿಯ ಕಡೆ ಆರೆಂಜ್ ಅಥವಾ ರೆಡ್ ಅಲರ್ಟ್ ಇದೆಯೋ? (24 ಗಂಟೆಯಲ್ಲಿ 115.6 ಮಿ.ಮೀ.ಗಿಂತ ಹೆಚ್ಚು ಮಳೆಗೆ ಆರೆಂಜ್, 204.4 ಮಿ.ಮೀ. ದಾಟಿದರೆ ರೆಡ್. ಕರಾವಳಿಗೆ ಕೊಟ್ಟ ಬಣ್ಣವನ್ನಲ್ಲ, ಘಟ್ಟದ ತಾಲ್ಲೂಕಿನ ಬಣ್ಣವನ್ನು ನೋಡಿ.) ಕಡಲಿನ ಮುನ್ಸೂಚನೆ ಕೊಡುವ ಹೈದರಾಬಾದಿನ ಇನ್ಕಾಯ್ಸ್ ಸಂಸ್ಥೆ ಎತ್ತರದ ಅಲೆ ಅಥವಾ ಕಳ್ಳಕ್ಕಡಲಿನ ಎಚ್ಚರಿಕೆ ಕೊಟ್ಟಿದೆಯೋ, ಇಲ್ಲವೇ ಪಡುಗಾಳಿ ಜೋರಿದೆಯೋ?

ಒಂದಕ್ಕೆ ಹೌದು ಎಂದಾದರೆ ಕಾಗದಪತ್ರ, ಅಕ್ಕಿ, ಬಟ್ಟೆ, ಔಷಧಿ ಅಟ್ಟಕ್ಕೆ. ಎರಡಕ್ಕೆ ಹೌದಾದರೆ ದೋಣಿ ಸಿದ್ಧ, ನೀರಿನ ಕ್ಯಾನು ತುಂಬಿ, ನಡೆಯಲಾಗದವರನ್ನು ಅಂದೇ ಆಚೆ ದಡಕ್ಕೆ ಕಳಿಸಿ. ಮೂರಕ್ಕೂ ಹೌದಾದರೆ ಎಲ್ಲರೂ ಹೊರಡಬೇಕು, ಅದೂ ಹಗಲಿನಲ್ಲಿ. ಅಣೆಕಟ್ಟಿನ ಗೇಟು ತೆರೆಯುವ ಸೂಚನೆ ಬಂದರೆ ಉಳಿದ ಪ್ರಶ್ನೆ ಕೇಳುತ್ತಾ ಕೂರಬೇಡಿ, ಅದು ಮೂರಕ್ಕೂ ಸಮ. ಜಿಲ್ಲಾ ವಿಪತ್ತು ನಿಯಂತ್ರಣ ಕೊಠಡಿಗೆ 1077, ತುರ್ತಿಗೆ 112, ಆಂಬುಲೆನ್ಸಿಗೆ 108.

ಹೊರಡುವ ಹೊತ್ತನ್ನು ಹಿಂದಕ್ಕೆ ಎಣಿಸಿ. ನಿಮ್ಮ ಕೋಲಿನಲ್ಲಿ ತುದಿ ರಾತ್ರಿ 12.30ಕ್ಕೆ ಎಂದಾದರೆ ಏರಿಕೆ ಜೋರಾಗುವುದು 8.30ರಿಂದ. ಕತ್ತಲಾಗುವ ಮೊದಲೇ ಕೊನೆಯ ದೋಣಿ ದಾಟಿರಬೇಕು. ಹೆರಿಗೆಗೆ ತಿಂಗಳಿರುವ ಹೆಣ್ಣುಮಕ್ಕಳು, ಡಯಾಲಿಸಿಸ್ ಮಾಡಿಸುವವರು ಜೂನ್ ಕೊನೆಯಿಂದ ಆಗಸ್ಟ್‌ವರೆಗೆ ಆಚೆ ದಡದಲ್ಲಿ ನೆಂಟರ ಮನೆಯಲ್ಲಿದ್ದರೆ ಎಲ್ಲರಿಗೂ ನೆಮ್ಮದಿ.

ದಂಡೆ, ಗಂಡಿ, ಏಡಿ ಬಿಲ

ದಂಡೆ ಉಕ್ಕಿ ಒಡೆಯುವುದು ಎಲ್ಲರ ಕಣ್ಣಿಗೆ ಬೀಳುತ್ತದೆ. ಒಳಗೆ ತೂತಾಗಿ ಒಡೆಯುವುದು ಕಾಣುವುದಿಲ್ಲ. ಏಡಿ ತೋಡಿದ ಒಂದು ಮುಷ್ಟಿಯಗಲದ ಬಿಲ ಆಚೆಯಿಂದ ಈಚೆಗೆ ಕೂಡಿತೆಂದರೆ ನೀರು ಮಣ್ಣನ್ನು ಕಣಕಣವಾಗಿ ಹೊತ್ತೊಯ್ಯುತ್ತದೆ. ಪರೀಕ್ಷೆ ಸುಲಭ. ದೊಡ್ಡ ಉಬ್ಬರದ ತುದಿಯಲ್ಲಿ ದಂಡೆಯ ಒಳಮೈಯ ಬುಡದಲ್ಲಿ ನಡೆಯಿರಿ. ಜಿನುಗುವ ನೀರು ತಿಳಿಯಾಗಿದ್ದರೆ ಗುರುತು ಹಾಕಿ ಮುಂದೆ ಹೋಗಿ. ಕದಡಿದ್ದರೆ, ಬುಗ್ಗೆಯಾಗಿ ಎದ್ದು ಬಾಯಿಯ ಸುತ್ತ ಸಣ್ಣ ಮಣ್ಣಿನ ಉಂಗುರ ಕಟ್ಟುತ್ತಿದ್ದರೆ ದಂಡೆ ಒಳಗಿನಿಂದ ತಿನ್ನಲ್ಪಡುತ್ತಿದೆ.

ಆ ಬುಗ್ಗೆಯ ಬಾಯಿಗೆ ಮಣ್ಣು ತುರುಕಬೇಡಿ. ಒತ್ತಡ ಪಕ್ಕದಲ್ಲಿ ಇನ್ನೊಂದು ಬಾಯಿ ತೆರೆಯುತ್ತದೆ. ಅದರ ಸುತ್ತ ಮರಳಿನ ಚೀಲದ ಬಾವಿಕಟ್ಟೆ ಕಟ್ಟಿ, ಒಳಗೆ ನೀರು ನಿಂತು ಏರಲು ಬಿಡಿ. ನಿಂತ ನೀರಿನ ಭಾರ ಬುಗ್ಗೆಯನ್ನು ಹಿಂದೆ ಒತ್ತುತ್ತದೆ. ಬರುವ ನೀರು ತಿಳಿಯಾಗುವವರೆಗೆ ಚೀಲ ಏರಿಸಿ, ಅಲ್ಲಿಗೆ ನಿಲ್ಲಿಸಿ. ನಿಜವಾದ ದುರಸ್ತಿ ಇಳಿತದಲ್ಲಿ: ಬಿಲವನ್ನು ಕೊನೆಮುಟ್ಟ ಅಗೆದು ತೆಗೆದು, ಹಸಿ ಜೇಡಿಮಣ್ಣನ್ನು 15 ಸೆಂ.ಮೀ. ಪದರದಲ್ಲಿ ತುಂಬಿ ಪ್ರತಿ ಪದರಕ್ಕೂ ದಮ್ಮಸು ಹೊಡೆಯಿರಿ. ಬರೀ ಮರಳು ತುಂಬಿದರೆ ಮುಂದಿನ ಉಬ್ಬರಕ್ಕೇ ಹೋಗುತ್ತದೆ.

ಹೊಸದಾಗಿ ಎತ್ತರಿಸುವುದಾದರೆ ತುದಿ ಈವರೆಗೆ ಕಂಡ ಅತಿ ಎತ್ತರದ ನೀರಿಗಿಂತ 60 ಸೆಂ.ಮೀ. ಮೇಲಿರಲಿ. ಹೊಳೆಯ ಕಡೆ ಒಂದು ಪಾಲು ಎತ್ತರಕ್ಕೆ ಎರಡು ಪಾಲು ಅಗಲ, ಒಳಗಡೆ ಒಂದಕ್ಕೆ ಒಂದೂವರೆ ಇಳಿಜಾರು ಕೊಡಿ. ಕೆಂಪುಕಲ್ಲಿನ ನೇರ ಗೋಡೆ ಗಟ್ಟಿಯಾಗಿ ಕಾಣುತ್ತದೆ, ಆದರೆ ಅಲೆ ಗೋಡೆಗೆ ಬಡಿದು ಬುಡಕ್ಕೆ ಇಳಿದು ಅಲ್ಲಿನ ಮಣ್ಣು ತೋಡುತ್ತದೆ. ಗೋಡೆ ಬೀಳುವುದು ಮುಂದಕ್ಕೆ, ಹೊಳೆಗೆ. ಕಲ್ಲೇ ಹಾಕುವುದಾದರೆ ಬುಡದಲ್ಲಿ ದೊಡ್ಡ ಕಲ್ಲಿನ ರಾಶಿ ಸಡಿಲವಾಗಿ ಹಾಸಿ.

ಮರಳಿನ ಚೀಲದ ಮೇಲೆ ಅತಿ ಭರವಸೆ ಬೇಡ. 50 ಕೆ.ಜಿ.ಯ ಸಿಮೆಂಟ್ ಚೀಲವನ್ನು ಮೂರರಲ್ಲಿ ಎರಡು ಪಾಲಿಗಿಂತ ಕಡಿಮೆಯೇ ತುಂಬಿದರೂ ಸುಮಾರು 30 ಕೆ.ಜಿ. ತೂಗುತ್ತದೆ. ಬುಡದ ಅಗಲ ಎತ್ತರದ ಮೂರು ಪಟ್ಟು ಇರಬೇಕು. ಹೀಗೆ 10 ಮೀಟರ್ ಉದ್ದ, 60 ಸೆಂ.ಮೀ. ಎತ್ತರಕ್ಕೆ 350ರಿಂದ 400 ಚೀಲ, ಎಂದರೆ 11 ಟನ್ ಮರಳು ಬೇಕು. ನೀರು ಬರುವ ದಿನ ಆಗುವ ಕೆಲಸವಲ್ಲ ಇದು. ಚೀಲ ಇರುವುದು ದಂಡೆಯ ತಗ್ಗಿಗೆ, ಗಂಡಿಗೆ, ಬುಗ್ಗೆಗೆ. ಪೂರ್ತಿ ತುಂಬಿದ ಚೀಲ ಕಲ್ಲಿನಂತಾಗಿ ಪಕ್ಕದ ಚೀಲಕ್ಕೆ ಕೂಡುವುದಿಲ್ಲ, ಸಂದಿಯಲ್ಲಿ ನೀರು ನುಗ್ಗುತ್ತದೆ.

ಗಜನಿ ಗದ್ದೆಗಳಲ್ಲಿ (ಅಳಿವೆಯ ದಡದ, ಉಪ್ಪುನೀರು ಮುಟ್ಟುವ ತಗ್ಗು ಗದ್ದೆ) ಜಂತ್ರಡಿ ಎನ್ನುವ ಹಲಗೆ ಬಾಗಿಲು ಉಬ್ಬರಕ್ಕೆ ಮುಚ್ಚಿ ಇಳಿತಕ್ಕೆ ತೆರೆಯಬೇಕು. ಏಪ್ರಿಲ್‌ನಲ್ಲಿ ಹಲಗೆಗೆ ಅಂಟಿದ ಚಿಪ್ಪು ಕೆರೆದು, ಬಾಗಿಲು ಕೂರುವ ಅಂಚು ನೋಡಿ. ಒಂದು ಕೊಂಬೆ ಸಿಕ್ಕಿಕೊಂಡರೂ ರಾತ್ರಿಯಿಡೀ ಉಪ್ಪುನೀರು ಒಳಗೆ. ಕಿಂಡಿ ಅಣೆಕಟ್ಟಿನದು ಇದರ ತಿರುವು. ಬೇಸಿಗೆಯಲ್ಲಿ ಉಪ್ಪುನೀರು ತಡೆಯಲು ಎರಡು ಸಾಲು ಹಲಗೆ ಹಾಕಿ ನಡುವೆ ಮಣ್ಣು ತುಂಬಿರುತ್ತಾರೆ. ಮೇ ಕೊನೆಯೊಳಗೆ ಅವನ್ನು ಕಿತ್ತಿಡದಿದ್ದರೆ ಮೊದಲ ದೊಡ್ಡ ಮಳೆಗೇ ಮೇಲ್ಗಡೆಯ ಮನೆಗಳಿಗೆ ನೀರು. ಹಲಗೆ ತೆಗೆಯುವ ದಿನ ಮತ್ತು ಜನ ಯಾರೆಂದು ಊರಿನ ಸಭೆಯಲ್ಲಿ ಮೊದಲೇ ನಿಗದಿಯಾಗಿರಲಿ.

ಕಾಂಡ್ಲ ಎಷ್ಟು ಕಾಯುತ್ತದೆ

100 ಮೀಟರ್ ಅಗಲದ ಕಾಂಡ್ಲವನ (ಮ್ಯಾಂಗ್ರೋವ್ ಕಾಡು) ಅಲೆಯ ಎತ್ತರವನ್ನು ಶೇ 13ರಿಂದ 66ರಷ್ಟು ತಗ್ಗಿಸುತ್ತದೆ. ದಂಡೆಗೆ ಇದಕ್ಕಿಂತ ಅಗ್ಗದ ಕಾವಲಿಲ್ಲ. ಆದರೆ ಮೆಲ್ಲಗೆ ಏರುವ ನೀರನ್ನು ಅದು ತಡೆಯಲಾರದು. ಚಂಡಮಾರುತದ ಏರಿಕೆಯನ್ನು ಇಡೀ ಒಂದು ಕಿ.ಮೀ. ಕಾಡು ತಗ್ಗಿಸುವುದು 5ರಿಂದ 50 ಸೆಂ.ಮೀ. ಮಾತ್ರ. ದಂಡೆಯೂ ಬೇಕು, ಅದರ ಮುಂದೆ ಕಾಂಡ್ಲವೂ ಬೇಕು.

ಮಳೆಗಾಲದಲ್ಲಿ ಮರದಿಂದ ತಾನಾಗಿ ಉದುರಿದ, ಹುಳು ತಿನ್ನದ ಕೋಡುಗಳನ್ನು ಆರಿಸಿ, ಮೂರರಲ್ಲಿ ಒಂದು ಪಾಲು ಕೆಸರಿನೊಳಗೆ ಹೋಗುವಂತೆ ನೆಡಿ. ಅಂತರ ಒಂದರಿಂದ ಒಂದೂವರೆ ಮೀಟರ್. ಸೋಲುವುದಕ್ಕೆ ಕಾರಣ ಹೆಚ್ಚಾಗಿ ಜಾಗದ್ದು. ಸದಾ ನೀರಿರುವ ತಗ್ಗಿನಲ್ಲಿ, ಅಲೆ ಹೊಡೆಯುವ ಬರೀ ಮರಳಿನಲ್ಲಿ ನೆಟ್ಟದ್ದು ಉಳಿಯುವುದಿಲ್ಲ. ಹತ್ತಿರ ಹಳೆಯ ಕಾಂಡ್ಲ ಯಾವ ಮಟ್ಟದಲ್ಲಿದೆ ಎಂದು ಲೆವೆಲ್ ಪೈಪಿನಿಂದ ನೋಡಿ ಅದೇ ಮಟ್ಟದಲ್ಲಿ ನೆಡಿ. ಮೊದಲ ಎರಡು ವರ್ಷ ದನ ಬಿಡಬೇಡಿ.

ಮನೆಯೊಳಗೆ

ಬಾಗಿಲಿಗೆ ಅಡ್ಡಹಲಗೆ ಹಾಕಿ ನೀರು ತಡೆಯಬಹುದು, ಆದರೆ 60 ಸೆಂ.ಮೀ.ವರೆಗೆ ಮಾತ್ರ. ಕಾರಣ ಭಾರ. 60 ಸೆಂ.ಮೀ. ನೀರು ಒಂದು ಮೀಟರ್ ಅಗಲದ ಗೋಡೆಯನ್ನು ಸುಮಾರು 180 ಕೆ.ಜಿ. ಬಲದಿಂದ ತಳ್ಳುತ್ತದೆ. 90 ಸೆಂ.ಮೀ. ಆದರೆ 400 ಕೆ.ಜಿ. ಮಣ್ಣಿನ ಗಾರೆಯಲ್ಲಿ ಕಟ್ಟಿದ ಹಳೆಯ ಕೆಂಪುಕಲ್ಲಿನ ಗೋಡೆ ಇದನ್ನು ತಾಳುವುದಿಲ್ಲ. ಅಂಥ ಮನೆಯಲ್ಲಿ 30 ಸೆಂ.ಮೀ. ದಾಟುವಂತಿದ್ದರೆ ಬಾಗಿಲು ತೆರೆದು ನೀರು ಒಳಗೆ ಬರಲು ಬಿಡುವುದೇ ಸರಿ. ನೆಲ ತೊಳೆಯಬಹುದು, ಬಿದ್ದ ಗೋಡೆಯನ್ನು ಎತ್ತಲಾಗದು.

ಸ್ವಿಚ್ ಬೋರ್ಡು, ಮೀಟರು, ಪಂಪಿನ ಸ್ಟಾರ್ಟರ್ ಎಲ್ಲವೂ ನೆಲದಿಂದ 1.5 ಮೀಟರ್ ಮೇಲಕ್ಕೆ. 30 ಮಿಲಿಆಂಪಿನ ಆರ್‌ಸಿಸಿಬಿ (ವಿದ್ಯುತ್ ಸೋರಿದೊಡನೆ ತಾನೇ ಕಡಿಯುವ ಸ್ವಿಚ್ಚು) ಹಾಕಿಸಿ. ನೀರು ಅಂಗಳಕ್ಕೆ ಬಂದಾಗಲೇ ಮೇನ್ ತೆಗೆಯಿರಿ, ಇನ್ವರ್ಟರನ್ನೂ ಬೇರೆ ಮಾಡಿ. ಮೇನ್ ತೆಗೆದರೂ ಇನ್ವರ್ಟರಿನಿಂದ ತಂತಿಯಲ್ಲಿ ವಿದ್ಯುತ್ ಇರುತ್ತದೆ. ಉಪ್ಪುನೀರು ಹೊಕ್ಕ ಸ್ವಿಚ್ಚು, ಪ್ಲಗ್ಗನ್ನು ಬಿಸಿಲಿಗೆ ಒಣಗಿಸಿ ಮತ್ತೆ ಬಳಸಬೇಡಿ. ಒಳಗೆ ಉಳಿದ ಉಪ್ಪು ಥಂಡಿ ಹಿಡಿದ ದಿನ ವಿದ್ಯುತ್ತನ್ನು ಹರಿಸುತ್ತದೆ.

ಕಮೋಡಿನ ಮಟ್ಟ ನಿಮ್ಮ ಹಾಳೆಯಲ್ಲಿದೆ. ನೆರೆಯ ನೀರು ಅದಕ್ಕಿಂತ ಮೇಲೆ ಬಂದರೆ ಗುಂಡಿಯ ಮಲಿನವೆಲ್ಲ ಹಿಂದಕ್ಕೆ ಮನೆಯೊಳಗೆ ಬರುತ್ತದೆ. ಹೊರಹೋಗುವ 4 ಇಂಚಿನ ಪೈಪಿಗೆ ಹಿಮ್ಮುಖ ತಡೆ ವಾಲ್ವ್ ಹಾಕಿಸಿ. ಇಲ್ಲದಿದ್ದರೆ ಮರಳು ತುಂಬಿದ ಗೋಣಿಯನ್ನು ಬಾಯಿಗೆ ಒತ್ತಿ ಮೇಲೆ ಭಾರ ಇಡಿ.

ಬಾವಿ ಮತ್ತು ಕುಡಿಯುವ ನೀರು

ಸುತ್ತ ಉಪ್ಪುನೀರಿದ್ದರೂ ಕುದ್ರುವಿನ ಬಾವಿ ಸಿಹಿಯಾಗಿರುವುದು ಹೇಗೆ? ಮಳೆಯ ಸಿಹಿನೀರು ಹಗುರ, ಉಪ್ಪುನೀರಿನ ಮೇಲೆ ತೇಲುತ್ತದೆ. ಲೆಕ್ಕದ ಪ್ರಕಾರ ಕಡಲಿನ ಮಟ್ಟಕ್ಕಿಂತ 10 ಸೆಂ.ಮೀ. ಮೇಲೆ ಸಿಹಿನೀರಿದ್ದರೆ ಕೆಳಗೆ 4 ಮೀಟರ್‌ವರೆಗೆ ಅದರ ಪದರ ಇರುತ್ತದೆ. ತಿರುಗಿಸಿ ನೋಡಿ: ಜೋರಾಗಿ ಪಂಪ್ ಮಾಡಿ ಬಾವಿಯನ್ನು 10 ಸೆಂ.ಮೀ. ಇಳಿಸಿಯೇ ಇಟ್ಟರೆ ಉಪ್ಪು ಅಡಿಯಿಂದ ಅದರ ನಲವತ್ತು ಪಟ್ಟು ಮೇಲೇರಲು ದಾರಿಯಾಗುತ್ತದೆ. ಬಾವಿಯನ್ನು ಆಳ ಮಾಡಿಸಿದರೆ ಉಪ್ಪು ಹತ್ತಿರವಾಗುತ್ತದೆ. ಕುದ್ರುವಿನಲ್ಲಿ ಅಗಲವಾದ, ಆಳವಿಲ್ಲದ ಬಾವಿ, ಸಣ್ಣ ಪಂಪು, ಸ್ವಲ್ಪಸ್ವಲ್ಪವೇ ಎತ್ತುವುದು, ಇದೇ ಸರಿ.

ಬಾವಿಕಟ್ಟೆಯನ್ನು ನೀವು ಕಂಡ ಅತಿ ಎತ್ತರದ ನೆರೆಗಿಂತ 30 ಸೆಂ.ಮೀ. ಮೇಲೆ ಏರಿಸಿ, ಹೊರಗೆ ಗಾರೆ ಮಾಡಿಸಿ. ಆದರೂ ನೀರು ಒಳಗೆ ಹೋಯಿತೆಂದರೆ ಎಲ್ಲರೂ ಮಾಡುವ ತಪ್ಪು ಮರುದಿನವೇ ಪಂಪಿಟ್ಟು ಬಾವಿ ಬರಿದು ಮಾಡುವುದು. ಸುತ್ತಲ ನೆಲ ನೀರು ಕುಡಿದು ಭಾರವಾಗಿರುತ್ತದೆ, ಒಳಗೆ ಖಾಲಿಯಾದರೆ ಕಲ್ಲು ಕಟ್ಟಡ ಒಳಕ್ಕೆ ಕುಸಿಯುತ್ತದೆ, ಅಡಿಯ ಉಪ್ಪೂ ಮೇಲೇರುತ್ತದೆ. ಕಸ ತೆಗೆದು, ಎರಡಡಿ ನೀರು ಎತ್ತಿ ಚೆಲ್ಲಿ, ಅದು ಮತ್ತೆ ತುಂಬಿದ ಮೇಲೆ ಇನ್ನೆರಡಡಿ. ಉಳಿದದ್ದನ್ನು ಮಳೆ ತೊಳೆಯುತ್ತದೆ.

ಬ್ಲೀಚಿಂಗ್ ಪುಡಿಯ ಲೆಕ್ಕ: ಬಾವಿಯ ಅಗಲವನ್ನು ಅಗಲದಿಂದಲೇ ಗುಣಿಸಿ, ನೀರಿನ ಆಳದಿಂದ ಗುಣಿಸಿ, 785ರಿಂದ ಗುಣಿಸಿದರೆ ಲೀಟರ್ ಸಿಗುತ್ತದೆ. ಎರಡು ಮೀಟರ್ ಅಗಲ, ಮೂರು ಮೀಟರ್ ನೀರು ಎಂದರೆ 9,420 ಲೀಟರ್. ಸಾವಿರ ಲೀಟರಿಗೆ 2.5 ಗ್ರಾಂ ಎಂದಿನ ಪ್ರಮಾಣ, ನೆರೆ ಹೊಕ್ಕ ಬಾವಿಗೆ ಇಮ್ಮಡಿ. ಇಲ್ಲಿಗೆ ಸುಮಾರು 47 ಗ್ರಾಂ. ಪುಡಿಯನ್ನು ಬಕೆಟ್ಟಿನಲ್ಲಿ ಮೊದಲು ಕಲಸಿ ಗೊಜ್ಜಿನಂತೆ ಮಾಡಿ, ಆಮೇಲೆ ಮುಕ್ಕಾಲು ಬಕೆಟ್ ನೀರು ಸೇರಿಸಿ, ಹತ್ತು ನಿಮಿಷ ಬಿಡಿ. ಅಡಿಗೆ ಕೂತ ಸುಣ್ಣ ಬಾವಿಗೆ ಬೇಡ. ಮೇಲಿನ ತಿಳಿಯನ್ನು ಬೇರೆ ಬಕೆಟ್ಟಿಗೆ ಬಗ್ಗಿಸಿ ಬಾವಿಗಿಳಿಸಿ, ಮೇಲೆ ಕೆಳಗೆ ಜಗ್ಗಿ ಬೆರೆಸಿ. ಒಂದು ಗಂಟೆ ಕಾದ ಮೇಲೆ ಲೀಟರಿಗೆ 0.5 ಮಿ.ಗ್ರಾಂ ಕ್ಲೋರಿನ್ ಉಳಿದಿರಬೇಕು. ಆರೋಗ್ಯ ಸಹಾಯಕರು ಸಣ್ಣ ಕಿಟ್‌ನಿಂದ ನೋಡಿ ಹೇಳುತ್ತಾರೆ. ವರ್ಷದ ಹಿಂದೆ ಬಾಯಿ ತೆರೆದಿಟ್ಟ ಪುಡಿಯಲ್ಲಿ ಸತ್ವ ಉಳಿದಿರುವುದಿಲ್ಲ.

ಬ್ಲೀಚಿಂಗ್ ಪುಡಿಯಿಂದ ಉಪ್ಪು ಹೋಗುವುದಿಲ್ಲ. ಕುದಿಸಿದರೆ ಉಪ್ಪು ಇನ್ನೂ ಗಟ್ಟಿಯಾಗುತ್ತದೆ. ಟಿಡಿಎಸ್ (ನೀರಲ್ಲಿ ಕರಗಿದ ಲವಣ) ಮೀಟರಿನಲ್ಲಿ 500ರೊಳಗೆ ಒಳ್ಳೆಯದು, ಬೇರೆ ನೀರಿಲ್ಲದಾಗ 2,000ವರೆಗೆ ಮಾತ್ರ. ರಕ್ತದೊತ್ತಡ ಇರುವವರಿಗೆ, ಕೂಸಿನ ಹಾಲಿನ ಪುಡಿ ಕದಡಲು ಉಪ್ಪು ನೀರು ಬೇಡವೇ ಬೇಡ.

ಹಾಗಾದರೆ ಏನು ಕುಡಿಯುವುದು? ನೆರೆ ಮಳೆಗಾಲದಲ್ಲಿ ಬಂದರೆ ನೀರು ತಲೆಯ ಮೇಲೇ ಬೀಳುತ್ತಿರುತ್ತದೆ. 50 ಚದರ ಮೀಟರ್ ಮಾಡಿನ ಮೇಲೆ 25 ಮಿ.ಮೀ. ಮಳೆ ಬಿದ್ದರೆ, ಚೆಲ್ಲಿದ್ದು ಕಳೆದು 1,000 ಲೀಟರ್ ಸಿಗುತ್ತದೆ. ಹಂಚಿನ ಮೇಲಿನ ಪಾಚಿ, ಹಕ್ಕಿಯ ಹಿಕ್ಕೆ ಹೋಗಲು ಮೊದಲ 100 ಲೀಟರ್ ಹೊರಗೆ ಬಿಡಿ. ಐದು ಜನರಿಗೆ ದಿನಕ್ಕೆ ತಲಾ 4 ಲೀಟರಿನಂತೆ ಐದು ದಿನಕ್ಕೆ 100 ಲೀಟರ್: 20 ಲೀಟರಿನ ಐದು ಕ್ಯಾನು ಎತ್ತರದಲ್ಲಿರಲಿ. ಕಾದಾರಿದ ನೀರೇ ಕುಡಿಯಿರಿ.

ದೋಣಿ ಮತ್ತು ದನ

ದೋಣಿಯನ್ನು ಗಿಡ್ಡ ಹಗ್ಗದಲ್ಲಿ ಗೂಟಕ್ಕೆ ಕಟ್ಟಿದರೆ ನೀರು ಏರಿದಾಗ ಹಗ್ಗವೇ ಅದನ್ನು ಕೆಳಕ್ಕೆಳೆದು ಮುಳುಗಿಸುತ್ತದೆ. ಗಾಳಿ ಮರೆಯ ಕಡೆ, ಗಟ್ಟಿ ಮರಕ್ಕೆ, ಮೂರು ಮೀಟರ್ ಏರಿದರೂ ಬಿಗಿಯದಷ್ಟು ಸಡಿಲು ಬಿಟ್ಟು ಕಟ್ಟಿ. ದಾಟಲು ಒಳ್ಳೆಯ ಹೊತ್ತು ನೀರು ನಿಂತು ತಿರುಗುವ ಅರ್ಧ ಗಂಟೆ. ಹೊಳೆ ತುಂಬಿರುವಾಗ ಇಳಿತದ ನಡುವಿನಲ್ಲಿ ಅಳಿವೆಯ ಹತ್ತಿರ ಹೋಗಲೇಬೇಡಿ. ಹೊರಗೋಡುವ ನೀರೂ ಒಳಬರುವ ಅಲೆಯೂ ಎದುರಾಗಿ ಅಲೆ ಕಡಿದಾಗಿ ಮುರಿಯುತ್ತದೆ. ತಲೆಗೊಂದು ಲೈಫ್ ಜಾಕೆಟ್ ಇರಲಿ, ಮಕ್ಕಳಿಗೆ ಮಕ್ಕಳ ಅಳತೆಯದೇ.

ದನವನ್ನು ಕೊನೆಗೆ ನೋಡೋಣವೆಂದು ಬಿಡಬೇಡಿ, ಕೊನೆಯ ದೋಣಿಯಲ್ಲಿ ಜಾಗವಿರುವುದಿಲ್ಲ. ಆಚೆಗೆ ಸಾಗಿಸಲಾಗದಿದ್ದರೆ ಊರಿನ ಎತ್ತರದ ದಿಬ್ಬದಲ್ಲಿ ಒಣಹುಲ್ಲು, ಸಿಹಿನೀರಿನ ಡ್ರಮ್ಮು ಇಟ್ಟು ಅಲ್ಲಿಗೆ ಸೇರಿಸಿ. ಒಂದು ಹಸುವಿಗೆ ದಿನಕ್ಕೆ 30–50 ಲೀಟರ್ ಬೇಕು. ಏನೂ ಆಗದ ಹೊತ್ತಿನಲ್ಲಿ ಕಣ್ಣಿ ಬಿಚ್ಚಿಬಿಡಿ, ದನ ಈಜುತ್ತದೆ. ಕಟ್ಟಿದಲ್ಲೇ ಇದ್ದರೆ ಸಾಯುತ್ತದೆ.

ನೀರು ಇಳಿದ ಮೇಲೆ

ಒಳಗೆ ಕಾಲಿಡುವ ಮೊದಲು ಕೋಲಿನಿಂದ ತಡವಿ. ಕೊಳಕುಮಂಡಲದಂಥ ಹಾವುಗಳು ಒಣ ಜಾಗ ಹುಡುಕಿ ಅಟ್ಟ, ಸೌದೆರಾಶಿ, ಮಡಿಚಿಟ್ಟ ಚಾಪೆಯೊಳಗೆ ಸೇರಿರುತ್ತವೆ. ಕೆಸರಲ್ಲಿ ಕೆಲಸ ಮಾಡುವಾಗ ಬೂಟು ಹಾಕಿ, ಕಾಲಿನ ಗಾಯ ಮುಚ್ಚಿ. ಮುಂದಿನ ಎರಡು ಮೂರು ವಾರದಲ್ಲಿ ಜ್ವರ, ಮೀನಖಂಡದಲ್ಲಿ ನೋವು ಕಂಡರೆ ಇಲಿಜ್ವರ ಇರಬಹುದು. ನೆರೆ ನೀರಲ್ಲಿ ಓಡಾಡಿದ್ದನ್ನು ವೈದ್ಯರಿಗೆ ತಪ್ಪದೆ ಹೇಳಿ, ಮಾತ್ರೆ ಅವರು ಕೊಟ್ಟರೆ ಮಾತ್ರ.

ಉಪ್ಪು ಹೊಕ್ಕ ಗದ್ದೆಯಲ್ಲಿ ಮಳೆನೀರು ನಿಲ್ಲಿಸಿ, ಇಳಿತಕ್ಕೆ ಬಿಡಿ, ಮತ್ತೆ ನಿಲ್ಲಿಸಿ ಮತ್ತೆ ಬಿಡಿ. ಒದ್ದೆ ಇರುವಾಗ ಉಳಬೇಡಿ. ತೆಂಗು ತಾಳಿಕೊಳ್ಳುತ್ತದೆ, ಬಾಳೆ, ಅಡಿಕೆ ಸೊರಗುತ್ತವೆ. ಪದೇ ಪದೇ ಉಪ್ಪೇರುವ ಗಜನಿಗೆ ಅಘನಾಶಿನಿ ಕಡೆಯವರು ಉಳಿಸಿಕೊಂಡು ಬಂದ ಕಗ್ಗ ಭತ್ತಕ್ಕೆ ಸಮನಾದ ತಳಿ ಕಾಣುವುದಿಲ್ಲ. ಬೀಜವನ್ನು ಎರಡು ಮನೆಯಲ್ಲಾದರೂ ಎತ್ತರದಲ್ಲಿಡಿ.

ಗೋಡೆ ತೊಳೆಯುವ ಅವಸರ ಬೇಡ. ಕೆಸರಿನ ಗೆರೆ ಮಾಸುವ ಮೊದಲು ಪ್ರತಿ ಕೋಣೆಯ ಫೋಟೊ ತೆಗೆಯಿರಿ, ಗೆರೆಯ ಪಕ್ಕದಲ್ಲಿ ಟೇಪು ಹಿಡಿದು, ದಿನಾಂಕ ಬರುವಂತೆ. ಗ್ರಾಮ ಆಡಳಿತ ಅಧಿಕಾರಿ ಪಂಚನಾಮೆಗೆ ಬಂದಾಗ ಇದೇ ಸಾಕ್ಷಿ. ಆಮೇಲೆ ಆ ಗೆರೆಯನ್ನು ಲೆವೆಲ್ ಪೈಪಿನಿಂದ ಕಡವಿನ ಕೋಲಿಗೂ ಮುಟ್ಟಿಸಿ, ಕೆಂಪು ಬಣ್ಣದಲ್ಲಿ ಎಳೆದು, ಪಕ್ಕದಲ್ಲಿ ತಾರೀಕು, ತಿಥಿ, ನೀರು ತುದಿ ಮುಟ್ಟಿದ ಗಂಟೆ ಬರೆಯಿರಿ.